ತಡವಾಗಿದ್ದು ಯಾವುದು?

ಸೋಮವಾರ ಬೆಳಿಗ್ಗೆ ಕಂದುಬಣ್ಣದ ಒಂದು ಚುಕ್ಕೆ ಕಂಡಿತು. ಹಿಂದಿನ ಮುಟ್ಟು ಶುರುವಾಗಿ ಅವತ್ತಿಗೆ 38 ದಿನ. ನನಗೆ ಯಾವಾಗಲೂ 28, ಹೆಚ್ಚೆಂದರೆ 30. ಎರಡು ಸಲ ಪ್ರೆಗ್ನೆನ್ಸಿ ಟೆಸ್ಟ್ ಮಾಡಿದ್ದೆ, ಎರಡು ಸಲವೂ ಒಂದೇ ಗೆರೆ. ಆದರೂ "ಬೇಗ ನೋಡಿಬಿಟ್ಟೆ ಅನ್ಸುತ್ತೆ" ಅಂತ ನನಗೆ ನಾನೇ ವಕೀಲಿ ಮಾಡಿಕೊಂಡಿದ್ದೆ. ಸಂಜೆಗೆ ಪೂರ್ತಿ ಶುರುವಾಯಿತು.

ಬುಧವಾರ ಡಾಕ್ಟರ್ ಎದುರು ಕೂತು, "ಈ ಸಲ ತುಂಬಾ ಲೇಟಾಯ್ತು ಮೇಡಂ" ಅಂದೆ.

"ನಿಮ್ಮ ಪೀರಿಯಡ್ಸ್ ಲೇಟಾಗಿಲ್ಲಮ್ಮ."

"38 ದಿನ ಆಯ್ತಲ್ಲ?"

"ಅದು ಸರಿಯಾದ ಹೊತ್ತಿಗೇ ಬಂದಿದೆ. ತಡವಾಗಿದ್ದು ಅಂಡ."

ಅವರು ಚೀಟಿಯ ಹಿಂಬದಿಯಲ್ಲಿ 38 ಅಂತ ಬರೆದು, ಅದರಿಂದ 14 ಕಳೆದು, 24ಕ್ಕೆ ಒಂದು ಸುತ್ತು ಹಾಕಿದರು: ಅಂಡ ಬಂದಿದ್ದು ಸುಮಾರು ಆ ದಿನ. ಅಂಡ ಹೊರಬಂದ ಮೇಲೆ ಮುಟ್ಟಾಗುವ ತನಕದ ದಿನಗಳು ಒಬ್ಬರಿಗೆ ಅಷ್ಟಾಗಿ ಬದಲಾಗುವುದಿಲ್ಲವಂತೆ, ಸುಮಾರು ಎರಡು ವಾರ. ಹಿಗ್ಗುವುದು, ಕುಗ್ಗುವುದೆಲ್ಲ ಅದಕ್ಕಿಂತ ಮೊದಲಿನ ಭಾಗ. "ತಿಂಗಳ ಶುರುವಿನಲ್ಲಿ ಹುಷಾರು ತಪ್ಪಿದ್ರಾ?" ಅಂದರು. ಹೌದು, ಒಂಬತ್ತನೇ ದಿನದಿಂದ ಮೈ ಸುಡುವ ಜ್ವರ. ಅದೂ ಕಾರಣವಾಗಿರಬಹುದು ಅಂದರು. ಮತ್ತೆ ಹೀಗೇ ಆದರೆ ಥೈರಾಯ್ಡ್ ನೋಡೋಣವಂತೆ.

ಆ 24 ಅನ್ನೋ ಸುತ್ತು ಎರಡು ದಿನದಿಂದ ಕಣ್ಣೆದುರಿಂದ ಹೋಗುತ್ತಿಲ್ಲ. ಯಾಕೆಂದರೆ ನಾನೂ ನಮ್ಮೆಜಮಾನರೂ ಜ್ವರ ಬಿಟ್ಟ ಕೂಡಲೇ 12ನೇ ದಿನದಿಂದ 16ರವರೆಗೆ, ಪರೀಕ್ಷೆಗೆ ಓದುವವರ ಹಾಗೆ ಶ್ರದ್ಧೆಯಿಂದ "ಪ್ರಯತ್ನ" ಮುಗಿಸಿ, ಆಮೇಲೆ ಅವರು ಒಂದು ಕಡೆ, ನಾನು ಒಂದು ಕಡೆ ತಿರುಗಿ ಮಲಗಿದ್ದೆವು. ವೀರ್ಯಾಣು ಒಳಗೆ ಬದುಕುವುದು ಹೆಚ್ಚೆಂದರೆ ಐದು ದಿನ. 21ಕ್ಕೆ ಎಲ್ಲ ಮುಗಿದಿತ್ತು. ಒಂದು ದಿನವೂ ಪೂರ್ತಿ ಬದುಕದ ಅಂಡ ಬಂದಿದ್ದು ಅದಾದ ಮೇಲೆ.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. "ಆ ಸಮಯದಲ್ಲಿ ತಿಳಿ ಲೋಳೆ, ಎಳೆದರೆ ದಾರದ ಹಾಗೆ ಬರೋದು, ಕಾಣಿಸಿತ್ತಾ?" ಅಂತ ಡಾಕ್ಟರ್ ಕೇಳಿದ್ದರು. ಕಾಣಿಸಿತ್ತು! 22, 23ನೇ ದಿನ. ಬಿಳಿಸೆರಗು ಅಂದುಕೊಂಡು, ಅಸಹ್ಯಪಟ್ಟು, ಸೋಪು ಹಾಕಿ ತೊಳೆದಿದ್ದೆ. ಮೈ ಕರೆದು ಹೇಳುತ್ತಿದೆ, ನಾನು ಮೊಬೈಲಿನ ಆ್ಯಪ್ ನೋಡುತ್ತಿದ್ದೇನೆ. ಅದರಲ್ಲಿ 14ನೇ ದಿನಕ್ಕೆ ಗುಲಾಬಿ ಹೃದಯದ ಗುರುತು ಬೇರೆ! ಹಳೆಯ ತಿಂಗಳುಗಳ ಸರಾಸರಿ ಹಿಡಿದು ಊಹಿಸುವ ಅದಕ್ಕೆ ನನ್ನ ಜ್ವರ ಹೇಗೆ ಗೊತ್ತಾಗಬೇಕು?

ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು ಅನ್ನುವುದನ್ನು ಜಪಾನಿನ ವೈದ್ಯ ಕ್ಯುಸಾಕು ಒಗಿನೊ 1924ರಲ್ಲೇ ಹೇಳಿದ್ದರಂತೆ. ನನ್ನ ಕಿವಿಗೆ ಬೀಳಲು ನೂರು ವರ್ಷ ಬೇಕಾಯಿತು. ಶಾಲೆಯಲ್ಲಿ ಆ ಪಾಠ ಬಂದಾಗ ಟೀಚರ್ "ಮನೇಲಿ ಓದ್ಕೊಳ್ಳಿ" ಅಂದಿದ್ದರು. ಫೋನ್ ಮಾಡಿದಾಗಲೆಲ್ಲ "ಏನಾದ್ರೂ ವಿಶೇಷನಾ?" ಅನ್ನುವ ಅತ್ತಿಗೆಗೆ ಎರಡು ಮಕ್ಕಳಿದ್ದಾರೆ. ಈ ಲೆಕ್ಕ ಅವರಿಗೂ ಗೊತ್ತಿಲ್ಲ ಅಂತ ನಿನ್ನೆ ತಿಳಿಯಿತು. ಅವರ ಮೇಲಿನ ಸಿಟ್ಟು ಅರ್ಧ ಇಳಿಯಿತು. ಅರ್ಧ ಇದೆ.

ಇವತ್ತು ಐದನೇ ದಿನ. ದಿಂಬಿನ ಪಕ್ಕ ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ಅಂಡ ಬಂದ ಮೇಲೆ ಬೆಳಗಿನ ಮೈಬಿಸಿ ಒಂಚೂರು ಏರುತ್ತದೆ. ನಮ್ಮೆಜಮಾನರು ಅದನ್ನು ತಿರುಗಿಸಿ ನೋಡಿ, "ಈ ಸಲ ಯಾವತ್ತು?" ಅಂತ ಕೇಳಿದರು.

"ಅದು ಬಂದು ಹೋದ ಮೇಲೆ ಹೇಳುತ್ತೆ ಇದು."

"ಮತ್ತೆ ಏನುಪಯೋಗ?"

"ಅದಕ್ಕೇ ಈ ತಿಂಗಳು 16ಕ್ಕೆ ನಿಲ್ಲಿಸೋದು ಬೇಡ" ಅಂದೆ. ಅವರು ತುಂಬಾ ಗಂಭೀರವಾಗಿ ತಲೆಯಾಡಿಸಿದರು.