ಐದಕ್ಕೆ ಕೂಗ್

13 ಮಾರ್ಚ್ 2025, ಗುರುವಾರ, ಗಾಲ್ವೇ, ಐರ್ಲೆಂಡ್

ಎಡಗಾಲಿನ ಹೆಬ್ಬೆರಳು ಊದಿಕೊಂಡಿದೆ. ಫ್ರೀಜರಿನಲ್ಲಿದ್ದ ಬಟಾಣಿ ಪ್ಯಾಕೆಟ್ಟನ್ನು ಅದರ ಮೇಲೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇದಕ್ಕೆಲ್ಲ ಕಾರಣ ಇವತ್ತಿನ ಕೇಲಿ.

ಕೇಲಿ ಅಂದರೆ ಐರಿಷರ ಗುಂಪು ಕುಣಿತ. ಮೊದಲೆಲ್ಲ ಸಂಜೆ ಹೊತ್ತು ಅಕ್ಕಪಕ್ಕದ ಮನೆಗೆ ಹರಟೆಗೆ ಹೋಗುವುದಕ್ಕೆ ಹೀಗೆ ಅನ್ನುತ್ತಿದ್ದರಂತೆ. ಈಗ ಕುಣಿತದ ಹೆಸರಾಗಿ ಉಳಿದಿದೆ. ನಮ್ಮ ವಿಶ್ವವಿದ್ಯಾಲಯದ ಐರಿಷ್ ಭಾಷೆಯ ಸಂಘ ಇವತ್ತು ಇದನ್ನು ಇಟ್ಟುಕೊಂಡಿತ್ತು. ಸಂಘಕ್ಕೆ ಅವರ ಮಾತಿನಲ್ಲಿ ಕುಮನ್. ಮಾರ್ಚ್ 1ರಿಂದ ಐರಿಷ್ ವಾರ ನಡೆಯುತ್ತಿದೆ. ಹೆಸರಿಗೆ ವಾರ, ಆದರೆ ಸೇಂಟ್ ಪ್ಯಾಟ್ರಿಕ್ ದಿನದವರೆಗೆ, ಅಂದರೆ ಒಟ್ಟು 17 ದಿನ! 1902ರಲ್ಲಿ ಶುರುವಾಗಿದ್ದಂತೆ. ನಮ್ಮ ರಾಜ್ಯೋತ್ಸವವೂ ನವೆಂಬರ್ ಪೂರ್ತಿ ನಡೆಯುತ್ತದಲ್ಲ, ಹಾಗಾಗಿ ನಾನು ಏನೂ ಹೇಳುವ ಹಾಗಿಲ್ಲ.

ಇವತ್ತು ಕುಣಿದಿದ್ದರಲ್ಲಿ ಒಂದರ ಹೆಸರು ‘ಎನ್ನಿಸ್ ಮುತ್ತಿಗೆ’. ನಾಲ್ಕು ಜನ ಕೈ ಹಿಡಿದು ಒಂದು ಸಾಲು, ಎದುರಿಗೆ ಇನ್ನೂ ನಾಲ್ಕು ಜನರ ಸಾಲು. ಮುಂದೆ ಹೋಗು, ಹಿಂದೆ ಬಾ. ಆಮೇಲೆ ಪಕ್ಕಕ್ಕೆ ಏಳು ಹೆಜ್ಜೆ. ಆಮೇಲೆ ತಿರುಗಾಟ. ಕೊನೆಗೆ ಒಂದು ಸಾಲಿನವರು ಕೈ ಎತ್ತಿ ಕಮಾನು ಮಾಡುತ್ತಾರೆ, ಇನ್ನೊಂದು ಸಾಲು ಅದರ ಕೆಳಗೆ ನುಸಿದು ಆಚೆ ಹೋಗುತ್ತದೆ. ಅಲ್ಲಿ ಹೊಸ ನಾಲ್ಕು ಜನ ಕಾಯುತ್ತಿರುತ್ತಾರೆ. ಹೀಗೆ ನುಸಿದು ನುಸಿದು ಹಾಲಿನಲ್ಲಿದ್ದ ಅರ್ಧ ಜನರ ಪರಿಚಯ ಆಗಿಹೋಗುತ್ತದೆ.

ಆ ಏಳು ಹೆಜ್ಜೆಯಲ್ಲೇ ಇರುವುದು ಮಜಾ. ಕಲಿಯುವವರು ಜೋರಾಗಿ ಎಣಿಸುತ್ತಾರೆ. ಅ ಹೇನ್, ಅ ದೋ, ಅ ತ್ರೀ, ಅ ಕ್ಯಾಹರ್, ಅ ಕೂಗ್, ಅ ಶೇ, ಅ ಶಾಖ್ತ್. ಐದಕ್ಕೆ ಕೂಗ್! ಅಷ್ಟು ಹೊತ್ತಿಗೆ ಅರ್ಧ ಜನ ದಾರಿ ತಪ್ಪಿ, ನಿಜವಾಗಿಯೂ ಕೂಗುತ್ತಿರುತ್ತಾರೆ. ಸಾಗರದಲ್ಲಿ ಡೊಳ್ಳು ಕುಣಿತ ನೋಡಿಕೊಂಡು ಬೆಳೆದವಳು ನಾನು. ತಾಳ ತಪ್ಪುವುದಿಲ್ಲ ಅಂತ ಜಂಬ ಇತ್ತು. ತಾಳ ತಪ್ಪಲಿಲ್ಲ, ದಿಕ್ಕು ತಪ್ಪಿತು. ನಾನು ಎಡಕ್ಕೆ ಹೋದೆ, ಮೇಯೊ ಕಡೆಯ ಒಬ್ಬ ಎತ್ತರದ ಹುಡುಗ ಬಲಕ್ಕೆ ಬಂದ. ಅವನ ಬೂಟು ಸೀದಾ ನನ್ನ ಹೆಬ್ಬೆರಳ ಮೇಲೆ.

‘ತಾ ಬ್ರೋನ್ ಓರಮ್’ ಅಂದ. ಸಾರಿ ಅಂತ. ಆದರೆ ಪದಕ್ಕೆ ಪದ ಬಿಡಿಸಿದರೆ ‘ದುಃಖ ನನ್ನ ಮೇಲಿದೆ’ ಅಂತ ಅರ್ಥ. ದುಃಖ ನಿನ್ನ ಮೇಲಿರಲಿ ಮಾರಾಯ, ನಿನ್ನ ಬೂಟು ನನ್ನ ಕಾಲ ಮೇಲಿದೆಯಲ್ಲ!

ಐರಿಷಿನಲ್ಲಿ ಹಸಿವೂ ಹೀಗೇ ಮೈಮೇಲೆ ಬರುತ್ತದೆ. ನೆಗಡಿಯೂ ಅಷ್ಟೇ, ನಾಚಿಕೆಯೂ ಅಷ್ಟೇ. ‘ನಾನು ಹಸಿದಿದ್ದೇನೆ’ ಅನ್ನುವುದಿಲ್ಲ, ‘ಹಸಿವು ನನ್ನ ಮೇಲಿದೆ’ ಅನ್ನುತ್ತಾರೆ. ಸಂಘದಲ್ಲಿ ವಾರಕ್ಕೊಮ್ಮೆ ಮಾತಿನ ಕೂಟ ಇರುತ್ತದೆ. ಒಂದು ಕೆಟಲ್, ಬಿಸ್ಕತ್ತು, ಸುತ್ತ ಹತ್ತು ಹನ್ನೆರಡು ಕುರ್ಚಿ, ಇಂಗ್ಲಿಷ್ ಆಡುವಂತಿಲ್ಲ. ಅಲ್ಲಿ ಇದನ್ನು ಮೊದಲ ಸಲ ಕೇಳಿದಾಗ ಬೇರೆ ದೇಶದ ಹುಡುಗರೆಲ್ಲ ತಲೆ ಕೆರೆದುಕೊಂಡರು. ನನಗೆ ಏನೂ ಅನ್ನಿಸಲಿಲ್ಲ. ನಮಗೂ ಹಸಿವು ‘ಆಗುತ್ತದೆ’, ಸಿಟ್ಟು ‘ಬರುತ್ತದೆ’, ಎಲ್ಲಾ ತಾವೇ ಬಂದು ಹೋಗುತ್ತವೆ. ಭಾಷೆಯೂ ಹಾಗೇ. ಅವರು ‘ಐರಿಷ್ ನನ್ನ ಹತ್ತಿರ ಇದೆ’ ಅನ್ನುತ್ತಾರೆ, ನಾವು ‘ನನಗೆ ಕನ್ನಡ ಬರುತ್ತೆ’ ಅನ್ನುತ್ತೇವೆ.

ಇನ್ನೊಂದು ಸಲ ಕೂಟದಲ್ಲಿ ‘ಐರಿಷಿನಲ್ಲಿ ಹೌದು, ಅಲ್ಲ ಅನ್ನೋದಕ್ಕೆ ಪದವೇ ಇಲ್ಲ’ ಅಂತ ಹೇಳಿದರು. ಕೇಳಿದ ಕ್ರಿಯಾಪದವನ್ನೇ ತಿರುಗಿಸಿ ಹೇಳಬೇಕು. ‘ಅರ್ಥ ಆಗುತ್ತಾ?’ ಅಂದರೆ ‘ಆಗುತ್ತೆ.’ ‘ಇದ್ಯಾ?’ ಅಂದರೆ ‘ಇದೆ.’ ನಮ್ಮ ಹತ್ತಿರ ಹೌದು ಅನ್ನುವ ಪದ ಇದೆ, ನಿಜ. ಆದರೆ ಅಮ್ಮ ಫೋನಿನಲ್ಲಿ ‘ಊಟ ಆಯ್ತಾ?’ ಅಂದಾಗ ಯಾರಾದರೂ ‘ಹೌದು’ ಅಂತಾರಾ? ‘ಆಯ್ತು’ ಅಂತೀವಿ, ಅಲ್ವಾ?

ನಿಜವಾಗಿ ಕೂದಲು ನಿಮಿರಿದ್ದು ಕಳೆದ ತಿಂಗಳು. ಕೂಟ ನಡೆಸುವ ಹುಡುಗಿ ಕಾನಮಾರಾದವಳು, ಮನೆಯಲ್ಲೇ ಐರಿಷ್ ಆಡಿ ಬೆಳೆದವಳು. ಬೋರ್ಡಿನ ಮೇಲೆ ಊರುಗಳ ಹೆಸರು ಬರೆದಳು. ಕಾರ್ಕ್ ನಗರಕ್ಕೆ ‘ಕೋರ್ಕಿ’, ‘ಕಾರ್ಕಿನಲ್ಲಿ’ ಅನ್ನಬೇಕಾದರೆ ‘ಇ ಗೋರ್ಕಿ’. ಟ್ರಲೀಗೆ ‘ತ್ರಾಲೀ’, ಟ್ರಲೀಯಲ್ಲಿ ಅಂದರೆ ‘ಇ ದ್ರಾಲೀ’. ವಾಟರ್‌ಫರ್ಡಿಗೆ ‘ಪೊರ್ತ್ ಲಾರ್ಗ’, ಅದರಲ್ಲಿ ಅಂದರೆ ‘ಇ ಬೊರ್ತ್ ಲಾರ್ಗ’. ಎಲ್ಲರೂ ‘ಯಾಕೆ ಹೀಗೆ’ ಅಂತ ಗೊಣಗಿದರು. ನಾನು ಮಾತ್ರ ಸುಮ್ನೆ ಬೋರ್ಡನ್ನೇ ನೋಡುತ್ತಾ ಕೂತೆ. ಕ ಹೋಗಿ ಗ, ತ ಹೋಗಿ ದ, ಪ ಹೋಗಿ ಬ. ಮಳೆಗಾಲ, ಬೆಟ್ಟದಾವರೆ, ಕಂಬನಿ. ಆದೇಶ ಸಂಧಿ! ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿ ಬಾಯಿಪಾಠ ಮಾಡಿಸಿದ್ದು, ಅಟ್ಲಾಂಟಿಕ್ ದಡದಲ್ಲಿ ಕೆಲಸಕ್ಕೆ ಬಂತು.

ಎರಡೂ ಭಾಷೆಗೆ ನೆಂಟಸ್ತಿಕೆ ಏನೂ ಇಲ್ಲ, ಅದು ಗೊತ್ತು. ನಮ್ಮಲ್ಲಿ ಎರಡು ಪದ ಸೇರಿದಾಗ ಆಗುವುದು, ಅವರಲ್ಲಿ ಪದಕ್ಕೆ ಮೊದಲು ‘ಇ’ ಥರದ ಒಂದು ಚಿಕ್ಕ ಪದ ಬಂದರೆ ಸಾಕು. ಅವರ ಬರವಣಿಗೆಯಲ್ಲಿ ಇನ್ನೊಂದು ಚಂದ ಇದೆ. ಹೊಸ ಅಕ್ಷರ ಮುಂದೆ ಬಂದು ಕೂತರೂ ಹಳೆಯದನ್ನು ಅಳಿಸುವುದಿಲ್ಲ. ಗ ಅಂತ ಓದಬೇಕು, ಆದರೆ ಅದರ ಬೆನ್ನಿಗೇ ಕ ಬರೆದಿರುತ್ತದೆ. ಮನೆಗೆ ಸೊಸೆ ಬಂದರೂ ಅತ್ತೆ ಜಗಲಿ ಮೇಲೆ ಕೂತೇ ಇದ್ದ ಹಾಗೆ.

ಮತ್ತೆ ಮೇಯೊ ಹುಡುಗನ ಕಥೆಗೆ ಬರುತ್ತೇನೆ. ನನ್ನ ಕಾಲು ತುಳಿದ ತಪ್ಪಿಗೆ ಟೀ ತಂದುಕೊಟ್ಟ. ಕೂಟಕ್ಕೆ ಯಾಕೆ ಬರುವುದಿಲ್ಲ ಅಂತ ಕೇಳಿದೆ. ‘ನನಗೆ ಬರಲ್ಲ’ ಅಂದ. ಒಂದನೇ ಕ್ಲಾಸಿಗೂ ಮುಂಚಿನಿಂದ ಕಾಲೇಜಿಗೆ ಬರುವವರೆಗೆ 14 ವರ್ಷ ದಿನಾ ಐರಿಷ್ ಪಾಠ ಕೇಳಿದವನು! 2022ರ ಜನಗಣತಿಯಲ್ಲಿ 18.7 ಲಕ್ಷ ಜನ ತಮಗೆ ಐರಿಷ್ ಬರುತ್ತದೆ ಅಂದಿದ್ದಾರೆ. ಶಾಲೆ ಕಾಲೇಜು ಬಿಟ್ಟು ಹೊರಗೆ ದಿನಾ ಆಡುವವರು 72 ಸಾವಿರದ ಹತ್ತಿರ. ‘ನಮ್ಮಮ್ಮ ಫಾರ್ಮ್ ತುಂಬುವಾಗ ನನ್ನ ಹೆಸರಿಗೂ ಟಿಕ್ ಹಾಕಿಬಿಟ್ಟಳು’ ಅಂತ ನಕ್ಕ.

‘ಒಂದು ವಾಕ್ಯನಾದರೂ ನೆನಪಿರಬೇಕಲ್ಲ?’ ಅಂದೆ. ಇತ್ತು. ‘ಅನ್ ವಿಲ್ ಕ್ಯಾಡ್ ಅಗಮ್ ದುಲ್ ಗ ಜೀ ಅನ್ ಲೆಹ್ರಸ್?’ ಶೌಚಾಲಯಕ್ಕೆ ಹೋಗಲು ಅಪ್ಪಣೆ ಇದೆಯೇ? ಪಕ್ಕದಲ್ಲಿದ್ದವರೆಲ್ಲ ಒಟ್ಟಿಗೆ ನಕ್ಕರು. ಇದು ಪ್ರತಿಯೊಬ್ಬ ಐರಿಷ್ ಮಗುವಿಗೂ ಬಾಯಿಪಾಠ ಇರುವ ವಾಕ್ಯವಂತೆ. ಹೀಗೆ ಕೇಳದಿದ್ದರೆ ಟೀಚರ್ ಬಿಡುತ್ತಿರಲಿಲ್ಲವಂತೆ. ನಾನು ನಕ್ಕಿದ್ದು ಬೇರೆ ಕಾರಣಕ್ಕೆ. ಕನ್ನಡ ಮೀಡಿಯಮ್ಮಿನಿಂದ ಬಂದ ನನ್ನ ಮೊಟ್ಟಮೊದಲ ಇಂಗ್ಲಿಷ್ ವಾಕ್ಯ ‘ಮೇ ಐ ಗೋ ಟು ಟಾಯ್ಲೆಟ್ ಮಿಸ್’. ಪೂರ್ತಿ ವಾಕ್ಯ ನೆನಪಾಗದೆ ಒಂದು ಸಲ ಕಷ್ಟಪಟ್ಟಿದ್ದೂ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಇವರ ತೊಂದರೆ ಏನು ಅಂತ ನನಗೆ ನಿಧಾನವಾಗಿ ಗೊತ್ತಾಗುತ್ತಿದೆ. ಬರುವುದಿಲ್ಲ ಅನ್ನುವುದಲ್ಲ, ತಪ್ಪಾದರೆ ಅನ್ನುವ ಭಯ. ನಾನು ತಪ್ಪು ಆಡಿದರೆ ಚಪ್ಪಾಳೆ, ಅವನು ತಪ್ಪು ಆಡಿದರೆ ಅವಮಾನ. ಗೋಡೆ ಮೇಲೆ ‘ಜಾಣ ಇಂಗ್ಲಿಷಿಗಿಂತ ಹರಕು ಐರಿಷೇ ಮೇಲು’ ಅನ್ನುವ ಗಾದೆ ಅಂಟಿಸಿದ್ದಾರೆ. ಅದರ ಕೆಳಗೇ ನಿಂತು ಎಲ್ಲರೂ ಜಾಣ ಇಂಗ್ಲಿಷ್ ಆಡುತ್ತಿರುತ್ತಾರೆ. ಬೆಂಗಳೂರಿನಲ್ಲಿ ನಮ್ಮಕ್ಕನ ಮಗ ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ತಪ್ಪಿದರೆ ನಾವೇ ನಗುತ್ತಿದ್ದೆವಲ್ಲ, ‘ಅಯ್ಯೋ ಎಷ್ಟು ಮುದ್ದಾಗಿ ತಪ್ಪು ಆಡ್ತಾನೆ’ ಅಂತ.

ನನಗೂ ಎಲ್ಲಾ ಕಡೆ ಚಪ್ಪಾಳೆ ಸಿಗುವುದಿಲ್ಲ. ಜನವರಿಯಲ್ಲಿ ಒಂದು ಅಂಗಡಿಯಲ್ಲಿ ಕಷ್ಟಪಟ್ಟು ಐರಿಷಿನಲ್ಲಿ ಹಾಲು ಕೇಳಿದ್ದೆ. ಆತ ನನ್ನ ಮುಖ ನೋಡಿ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಇಂಗ್ಲಿಷಿನಲ್ಲಿ ರೇಟು ಹೇಳಿದ. ಹಾಲು ತಗೊಂಡು ಸುಮ್ಮನೆ ಬಂದೆ.

ಶನಿವಾರ ಸಂಘದವರು ಸ್ಪಿಡಲ್‌ಗೆ ಹೋಗುತ್ತಿದ್ದಾರೆ. ಗಾಲ್ವೇಯಿಂದ ಪಶ್ಚಿಮಕ್ಕೆ, ಸಮುದ್ರದ ಪಕ್ಕದ, ಐರಿಷ್ ಆಡುವವರ ಊರು. ಅಲ್ಲಿ ಟೀ ಆದರೂ ಐರಿಷಿನಲ್ಲೇ ಕೇಳಬೇಕು ಅಂತ ಶಪಥ ಮಾಡಿದ್ದೇವೆ. ಬೆರಳಿನ ಊತ ಅಷ್ಟರಲ್ಲಿ ಇಳಿದರೆ ನಾನೂ ಹೊರಟೆ.

ಬಟಾಣಿ ಪೂರ್ತಿ ಕರಗಿದೆ. ನಾಳೆ ಪಲಾವ್ ಮಾಡಬೇಕು, ಬೇರೆ ದಾರಿ ಇಲ್ಲ.

ಮಲಗೋಣ ಅಂತ ಫೋನ್ ಎತ್ತಿಕೊಂಡರೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಮೇಯೊ ಹುಡುಗನ ಮೆಸೇಜು. ಇಷ್ಟು ದಿನ ಬರೀ ಹೆಬ್ಬೆರಳು ಎತ್ತಿದ ಚಿತ್ರ ಹಾಕುತ್ತಿದ್ದವನು. ತನಗೆ ಗೊತ್ತಿದ್ದ ಅದೇ ಒಂದು ವಾಕ್ಯವನ್ನು ಇಟ್ಟುಕೊಂಡು, ಕೊನೆಯ ಪದ ಒಂದನ್ನು ಬದಲಾಯಿಸಿದ್ದಾನೆ. ‘ಅನ್ ವಿಲ್ ಕ್ಯಾಡ್ ಅಗಮ್ ದುಲ್ ಗ ಜೀ ಅನ್ ಸ್ಪಿಡೇಲ್?’ ಸ್ಪಿಡಲ್‌ಗೆ ಹೋಗಲು ಅಪ್ಪಣೆ ಇದೆಯೇ?

‘ತಾ’ ಅಂತ ಹಾಕಿದೆ. ಇದೆ.