ಟ್ಯಾಂಕಿನ ಕ್ಲೋರಿನ್ ಇಳಿಸಿದ ಭಾನುವಾರ

ನಮ್ಮ ಅಪಾರ್ಟ್‌ಮೆಂಟಿನ 5000 ಲೀಟರ್ ಓವರ್‌ಹೆಡ್ ಟ್ಯಾಂಕನ್ನು ಶನಿವಾರ ತೊಳೆಸಿದ್ದೆವು. ಮರುದಿನ ಬೆಳಿಗ್ಗೆ ಕೆಳಗಿನ ಮನೆಯ ಅಜ್ಜಿ ಬಂದು, “ಕಾಫಿ ಬಾಯಿಗಿಡೋಕಾಗ್ತಿಲ್ಲ ಕಣಪ್ಪಾ, ಬರೀ ಆಸ್ಪತ್ರೆ ವಾಸನೆ” ಅಂದರು. ತೊಳೆದವರಿಗೆ ಫೋನ್ ಮಾಡಿದರೆ, ಅರ್ಧ ಕೆಜಿ ಬ್ಲೀಚಿಂಗ್ ಪೌಡರ್ ಪ್ಯಾಕೆಟ್‌ನಲ್ಲಿ ಕಾಲುಭಾಗ ಹಾಗೇ ಸುರಿದಿದ್ದಾರಂತೆ, ನೀರಲ್ಲಿ ಕರಗಿಸದೆ.

1000 ಲೀಟರಿಗೆ ಎರಡೂವರೆ ಗ್ರಾಂ ಸಾಕು. ನಮ್ಮ ಟ್ಯಾಂಕಿಗೆ ಹನ್ನೆರಡು ಹದಿಮೂರು ಗ್ರಾಂ. ಬಿದ್ದಿದ್ದು ಹತ್ತು ಪಟ್ಟು! ಹೊಸ ಪೌಡರಿನಲ್ಲಿ ಸುಮಾರು ಮೂರನೇ ಒಂದು ಭಾಗ ಕ್ಲೋರಿನ್ ಅಂತ ಹಿಡಿದರೆ ಲೀಟರಿಗೆ 8 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ 0.2ರಿಂದ 1ರೊಳಗೆ ಉಳಿದಿರಬೇಕು. ಕ್ಲೋರಿನ್ ಪರೀಕ್ಷೆ ಮಾಡುವ ಕಿಟ್‌ನ ಹನಿಯನ್ನು ನೀರಿಗೆ ಹಾಕಿದರೆ ತೆಳು ಹಳದಿ ಬರಬೇಕಾದಲ್ಲಿ ಕಡು ಕಿತ್ತಳೆ ಬಂತು. ಕುಡಿಯೋಕೆ ಎಲ್ಲರೂ ಕ್ಯಾನ್ ನೀರು ತರಿಸಿಕೊಂಡರು.

ಅರ್ಧ ಖಾಲಿ ಮಾಡಿ ತುಂಬಿಸೋಣ, ವಾಸನೆ ಹೋಗುವವರೆಗೆ ಹಾಗೇ ಮಾಡೋಣ ಅಂತ ಹಲವರು ಹೇಳಿದರು. ನಾನು ಬೇಡ ಅಂದೆ. ಪ್ರತಿ ಸಲ ಅರ್ಧ ಅಂದರೆ 8 ಹೋಗಿ 4, ಆಮೇಲೆ 2, ಆಮೇಲೆ 1. ಮೂರು ಸಲಕ್ಕೆ 7500 ಲೀಟರ್ ಚೆಲ್ಲಬೇಕು. ಅದೇ ಒಂದೇ ಸಲ ಎಂಟನೇ ಒಂದು ಭಾಗ ಮಾತ್ರ ಉಳಿಸಿ ತುಂಬಿಸಿದರೆ ಸುಮಾರು 4400 ಲೀಟರಿನಲ್ಲಿ ಅಷ್ಟೇ ಇಳಿಯುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ನಮಗೆ ಆ 3000 ಲೀಟರ್ ಸುಮ್ನೆ ಅಲ್ಲ, ಅಲ್ವಾ?

ಡ್ರಮ್ಮು, ಬಕೆಟ್ಟು ಎಲ್ಲ ತುಂಬಿಸಿಕೊಂಡೆವು. ಟಾಯ್ಲೆಟ್ಟಿಗೆ, ಮೆಟ್ಟಿಲು ತೊಳೆಯೋಕೆ ಆಯಿತು, ಗಿಡಕ್ಕೆ ಮಾತ್ರ ಬೇಡ ಅಂದೆ. ಮಿಕ್ಕಿದ್ದು ಮೋರಿಗೆ ಹೋಯಿತು, ನೋಡಿ ಹೊಟ್ಟೆ ಉರಿಯಿತು. ನೀರನ್ನು ನಲ್ಲಿಯಿಂದ ಬಿಡದೆ ತಳದ ವಾಶ್‌ಔಟ್ ವಾಲ್ವ್‌ನಿಂದಲೇ ಬಿಟ್ಟೆವು, ಯಾಕೆಂದರೆ ಕರಗದ ಪೌಡರ್ ಸುಣ್ಣದ ಕೆಸರಿನ ಜೊತೆ ಅಡಿಯಲ್ಲಿ ಕೂತಿರುತ್ತದೆ. ಅದು ಉಳಿದರೆ ಮೇಲೆ ಎಷ್ಟೇ ಹೊಸ ನೀರು ತುಂಬಿಸಿದರೂ ಕ್ಲೋರಿನ್ ಮತ್ತೆ ಬಿಡುತ್ತಲೇ ಇರುತ್ತದೆ. ಬೆಳ್ಳಗಿನ ನೀರು ಹೋಗಿ ತಿಳಿಯಾದ ಮೇಲೆ ವಾಲ್ವ್ ಮುಚ್ಚಿ, ಬೋರ್‌ವೆಲ್ ನೀರು ತುಂಬಿಸಿದೆವು. ಕಾರ್ಪೊರೇಷನ್ ನಲ್ಲಿ ನೀರಿನಲ್ಲಿ ಮೊದಲೇ ಸ್ವಲ್ಪ ಕ್ಲೋರಿನ್ ಇರುತ್ತದೆ, ಬೋರ್ ನೀರಿನಲ್ಲಿ ಇರಲ್ಲ.

ಸಂಜೆ ಹನಿ ಹಾಕಿದಾಗ ಹಳದಿ ಬಂತು, ಇನ್ನೂ ಕೊಂಚ ಜಾಸ್ತಿಯೇ. ಮರುದಿನಕ್ಕೆ ತೆಳುವಾಯಿತು.

ಈಗ ಪೌಡರ್ ತೂಕ ಹಾಕಿ, ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರನ್ನಷ್ಟೇ ಟ್ಯಾಂಕಿಗೆ ಹಾಕಬೇಕು, ಅರ್ಧ ಗಂಟೆ ಬಿಟ್ಟು ಪರೀಕ್ಷೆ ಮಾಡಿ ತೋರಿಸಬೇಕು ಅಂತ ತೊಳೆಯುವವರಿಗೆ ಮುಂಚೆಯೇ ಹೇಳುತ್ತೇವೆ.