ಗೇಮ್‌ಗೆ ಟೂಲ್ ಆರಿಸುವ ಮುನ್ನ ‘ಸ್ತ್ರೀ’ ಎಂದು ಬರೆದು ನೋಡಿ

ಬೇಸಿಗೆ ಶಿಬಿರದ ಕೊನೆಯ ದಿನ, ಹತ್ತು ಗಂಟೆಗೆ ಪೋಷಕರ ಮುಂದೆ ಪ್ರದರ್ಶನ. ಒಂಬತ್ತು ಇಪ್ಪತ್ತಕ್ಕೆ ಪ್ರೊಜೆಕ್ಟರ್‌ಗೆ ಸಿಕ್ಕಿಸಿ ಮಕ್ಕಳ ಪದದಾಟ ಓಡಿಸಿದೆವು. ಟೈಟಲ್ ಸ್ಕ್ರೀನ್ ಚೆನ್ನಾಗಿಯೇ ಬಂತು. ಎರಡನೇ ಸ್ಕ್ರೀನ್‌ನಲ್ಲಿ ‘ಅಕ್ಷರ’ ಇರಬೇಕಾದಲ್ಲಿ ಅ, ಕ, ಒಂಟಿ ಹಲಂತದ ಕೊಂಡಿ, ಆಮೇಲೆ ಪೂರ್ತಿ ಷ. ‘ಕಿಟಕಿ’ಯ ಕ ತಲಕಟ್ಟು ಹೊತ್ತುಕೊಂಡೇ ನಿಂತಿತ್ತು, ಗುಡಿಸು ಪಕ್ಕಕ್ಕೆ ಬಿದ್ದಿತ್ತು. ಪದಗಳನ್ನು ಟೈಪ್ ಮಾಡಿದ್ದ ಹುಡುಗಿ ‘ಮಿಸ್, ನಾನು ಸರಿಯಾಗೇ ಹೊಡೆದಿದ್ದೆ’ ಅಂದಳು. ಅವಳು ಸರಿಯಾಗೇ ಹೊಡೆದಿದ್ದಳು.

ಫಾಂಟ್ ಕೆಟ್ಟಿದೆ ಅಂತ ನಾನು ತೀರ್ಮಾನಿಸಿಬಿಟ್ಟೆ. ನೋಟೊ ಸಾನ್ಸ್ ಕನ್ನಡ ತೆಗೆದು ಬಾಲೂ ತಮ್ಮ ಹಾಕಿದೆ, ಅದನ್ನೂ ತೆಗೆದು ನಿರ್ಮಲಾ ಹಾಕಿದೆ. ಮೂರರಲ್ಲೂ ಅದೇ ಹಲಂತ, ಅದೇ ಜಾಗದಲ್ಲಿ. ಹದಿನೈದು ನಿಮಿಷ ಹೋಯಿತು. ಎರಡನೇ ಫಾಂಟ್‌ನಲ್ಲೂ ಅಕ್ಷರ ಹಾಗೇ ಒಡೆದಾಗಲೇ ಕೈ ನಿಲ್ಲಿಸಬೇಕಿತ್ತು. ಒತ್ತಕ್ಷರದ ಆಕಾರಗಳು ಫಾಂಟ್ ಫೈಲ್‌ನಲ್ಲೇ ಇರುತ್ತವೆ, ನಿಜ. ಆದರೆ ಕ, ಹಲಂತ, ಷ ಮೂರೂ ಒಟ್ಟಿಗೆ ಬಂದರೆ ‘ಕ್ಷ’ ಎತ್ತಿಕೋ ಅಂತ ಫಾಂಟ್‌ನ ಟೇಬಲ್ ಓದಿ ಹೇಳಲು ಒಂದು ಶೇಪಿಂಗ್ ಎಂಜಿನ್ ಬೇಕು. ಹೆಚ್ಚಿನ ಕಡೆ ಆ ಕೆಲಸ ಹಾರ್ಫ್‌ಬಝ್‌ನದು. ನಮ್ಮ ಲ್ಯಾಬ್‌ನ ಪೈಗೇಮ್ 2.0 (ಪೈಥಾನ್‌ನಲ್ಲಿ ಗೇಮ್ ಬರೆಯುವ ಲೈಬ್ರರಿ) ಕೋಡ್‌ಪಾಯಿಂಟ್‌ಗಳನ್ನು, ಅಂದರೆ ಯೂನಿಕೋಡ್‌ನ ಬಿಡಿ ಚಿಹ್ನೆಗಳನ್ನು, ಒಂದೊಂದಾಗಿ ಸಾಲಿಗೆ ಇಡುತ್ತಿತ್ತು, ಅಷ್ಟೇ. ಅಂಥದ್ದಕ್ಕೆ ಯಾವ ಫಾಂಟ್ ಕೊಟ್ಟರೂ ಒಂದೇ.

ಮೂರು ವಾರ ಇದು ಕಣ್ಣಿಗೆ ಬೀಳದಿರಲು ಎರಡು ಕಾರಣ. ಟೈಟಲ್ ಅನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಮಾಡಿ ಪಿಎನ್‌ಜಿಯಾಗಿ ಇಟ್ಟಿದ್ದೆವು, ಅದು ಚಿತ್ರ. ಉಳಿದ ಕಡೆಯೆಲ್ಲ ‘ಸ್ಟಾರ್ಟ್’, ‘ವರ್ಡ್ ಒನ್’ ಅಂತ ಇಂಗ್ಲಿಷ್ ಲಿಪಿಯ ತಾತ್ಕಾಲಿಕ ಪಠ್ಯವಿತ್ತು. ಕನ್ನಡ ಪದಪಟ್ಟಿ ಒಳಗೆ ಹೋದದ್ದು ಹಿಂದಿನ ಸಂಜೆ.

ಹೊಸ ಪೈಗೇಮ್‌ನಲ್ಲಿ (2.2ರಿಂದ) ಫಾಂಟ್‌ಗೆ ಲಿಪಿ ಯಾವುದೆಂದು ಹೇಳುವ ಸೆಟ್-ಸ್ಕ್ರಿಪ್ಟ್ ಇದೆ. ಕೆ-ಎನ್-ಡಿ-ಎ ಎಂಬ ನಾಲ್ಕಕ್ಷರದ ಕೋಡ್ ಕೊಟ್ಟರೆ ಒತ್ತು ಕೂಡುತ್ತದೆ. ಆದರೆ ಸಭಾಂಗಣದಲ್ಲಿ ನೆಟ್ ಇಲ್ಲ, ಅಡ್ಮಿನ್ ಪಾಸ್‌ವರ್ಡ್ ಒಬ್ಬರ ಬಳಿ ಮಾತ್ರ, ಅವರು ರಜೆಯಲ್ಲಿ. ಹತ್ತು ಲ್ಯಾಪ್‌ಟಾಪ್ ಕೊಳ್ಳಲು ಸಹಿ ಬೀಳುತ್ತದೆ, ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಕೊಳ್ಳಲು ಅನುಮತಿ ಸಿಗುವುದಿಲ್ಲ. ಇದನ್ನು ಮೀಟಿಂಗ್‌ನಲ್ಲೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ. ಕೊನೆಗೆ ಉಳಿದದ್ದು ಇಂಕ್‌ಸ್ಕೇಪ್ ದಾರಿ. ಒಬ್ಬರು ಪ್ರತಿ ಪದವನ್ನೂ ಬೇರೆ ಬೇರೆ ಟೆಕ್ಸ್ಟ್ ಆಬ್ಜೆಕ್ಟ್ ಆಗಿ ಹೊಡೆದರು, ಎಲ್ಲವನ್ನೂ ಸೆಲೆಕ್ಟ್ ಮಾಡಿ ಬ್ಯಾಚ್ ಎಕ್ಸ್‌ಪೋರ್ಟ್ ಕೊಟ್ಟೆವು, ನಾನು ಕೋಡ್‌ನಲ್ಲಿ ಪಠ್ಯದ ಬದಲು ಚಿತ್ರ ತೋರಿಸುವಂತೆ ಬದಲಿಸಿದೆ. ಹತ್ತಾಗುವಷ್ಟರಲ್ಲಿ 42 ಪದಗಳಲ್ಲಿ 28 ಸೇರಿದವು. ಅಂಕಿಗಳನ್ನು ಮುಟ್ಟಲಿಲ್ಲ. ೧, ೨, ೩ ಯಾವುದರ ಜೊತೆಗೂ ಕೂಡುವುದಿಲ್ಲ, ಸ್ಕೋರ್ ಮೊದಲಿನಿಂದಲೂ ಸರಿಯಾಗೇ ಇತ್ತು.

ಈಗ ಹೊಸ ಬ್ಯಾಚ್‌ಗೆ ಗೋಡಾಟ್ 4 ಎಂಬ ಗೇಮ್ ಎಂಜಿನ್ ಬಳಸುತ್ತೇವೆ. ಉಚಿತ, ಎಂಐಟಿ ಲೈಸೆನ್ಸ್, ಹಾರ್ಫ್‌ಬಝ್ ಒಳಗೇ ಇದೆ. ಗೋಡಾಟ್ 3ರಲ್ಲಿ ಇರಲಿಲ್ಲ, ಹಳೆಯ ಟ್ಯುಟೋರಿಯಲ್ ನೋಡಿ ಅದನ್ನು ಹಾಕಿಕೊಳ್ಳಬೇಡಿ. ಪ್ರಾಜೆಕ್ಟ್ ತೆರೆಯುವಾಗಲೇ ರೆಂಡರರ್ (ಪರದೆ ಮೇಲೆ ಚಿತ್ರ ಮೂಡಿಸುವ ಭಾಗ) ಮೂರು ಆಯ್ಕೆಗಳಲ್ಲಿ ‘ಕಂಪ್ಯಾಟಿಬಿಲಿಟಿ’ ಆಗಿರಲಿ. ಉಳಿದೆರಡಕ್ಕೆ ವಲ್ಕನ್‌ನಂಥ ಹೊಸ ಗ್ರಾಫಿಕ್ಸ್ ಡ್ರೈವರ್ ಬೇಕು, ಇಂಟೆಲ್ ಎಚ್‌ಡಿ 4000 ಕಾಲದ ವಿಂಡೋಸ್ ಯಂತ್ರಗಳಲ್ಲಿ ವಲ್ಕನ್ ಇಲ್ಲ. ಬ್ರೌಸರ್‌ಗೆ ಎಕ್ಸ್‌ಪೋರ್ಟ್ ಮಾಡುವುದಿದ್ದರೂ ಕಂಪ್ಯಾಟಿಬಿಲಿಟಿ ಒಂದೇ ನಡೆಯುವುದು. ಭಾಷೆ ಗೋಡಾಟ್‌ನದೇ ಆದ ಜಿಡಿಸ್ಕ್ರಿಪ್ಟ್ ಇರಲಿ, ಸಿ ಶಾರ್ಪ್‌ನಲ್ಲಿ ಬರೆದರೆ ವೆಬ್ ದಾರಿ ಮುಚ್ಚುತ್ತದೆ.

ಫಾಂಟ್ ವಿಷಯದಲ್ಲಿ ಇಲ್ಲೂ ಒಂದು ಗುಂಡಿ ಇದೆ. ಗೋಡಾಟ್‌ನ ಡಿಫಾಲ್ಟ್ ಫಾಂಟ್‌ನಲ್ಲಿ ಕನ್ನಡ ಇಲ್ಲ. ವಿಂಡೋಸ್‌ನಲ್ಲಿ ಅದು ಸಿಸ್ಟಮ್‌ನ ಫಾಂಟ್ ಎರವಲು ಪಡೆದು ಚೆನ್ನಾಗಿಯೇ ತೋರಿಸುತ್ತದೆ. ವೆಬ್ ಎಕ್ಸ್‌ಪೋರ್ಟ್‌ನಲ್ಲಿ ಎರವಲಿಗೆ ಯಾರೂ ಇಲ್ಲ, ಬರೀ ಚೌಕಗಳು. ನೋಟೊ ಸಾನ್ಸ್ ಕನ್ನಡದ ಫೈಲನ್ನು ಪ್ರಾಜೆಕ್ಟ್ ಫೋಲ್ಡರ್‌ಗೇ ಹಾಕಿ, ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಥೀಮ್ ವಿಭಾಗದಲ್ಲಿ ಕಸ್ಟಮ್ ಫಾಂಟ್ ಆಗಿ ಕೊಡಿ.

ಪಿಕ್ಸೆಲ್ ಆರ್ಟ್ ಮಾಡುವವರು ಸಾಮಾನ್ಯವಾಗಿ ಗೇಮ್‌ನ ಅಳತೆ 320×180 ಹಿಡಿಯುತ್ತಾರೆ, ಅದನ್ನು ಪರದೆಗೆ ಹಿಗ್ಗಿಸುವ ಸ್ಟ್ರೆಚ್ ಮೋಡ್ ‘ವ್ಯೂಪೋರ್ಟ್’. ಚಿತ್ರಕ್ಕೆ ಅದು ಒಳ್ಳೆಯದು, ಕನ್ನಡಕ್ಕೆ ಅಲ್ಲ. ಪಠ್ಯವೂ ಅದೇ ಸಣ್ಣ ಅಳತೆಯಲ್ಲಿ ಮೂಡಿ ಆಮೇಲೆ ಹಿಗ್ಗುತ್ತದೆ, 12 ಪಿಕ್ಸೆಲ್ ಎತ್ತರದಲ್ಲಿ ಎರಡು ಒತ್ತಿನ ‘ಸ್ತ್ರೀ’ ಒಂದು ಮಸಿ ಚುಕ್ಕೆ. 640×360 ಇಟ್ಟು, ಮೋಡ್ ‘ಕ್ಯಾನ್ವಾಸ್ ಐಟಮ್ಸ್’ ಮಾಡಿ, ಸ್ಕೇಲ್ ಮೋಡ್ ‘ಇಂಟೀಜರ್’ ಕೊಡಿ. ಆಗ ಅಕ್ಷರ ಪರದೆಯ ಪೂರ್ಣ ರೆಸಲ್ಯೂಶನ್‌ನಲ್ಲಿ ಮೂಡುತ್ತದೆ. 1366×768 ಲ್ಯಾಪ್‌ಟಾಪ್‌ನಲ್ಲಿ ಎರಡು ಪಟ್ಟಾಗಿ ಎಡಬಲಕ್ಕೆ 43, ಮೇಲೆ ಕೆಳಗೆ 24 ಪಿಕ್ಸೆಲ್ ಕಪ್ಪು ಪಟ್ಟಿ ಉಳಿಯುತ್ತದೆ, ಉಳಿಯಲಿ. ಟೆಕ್ಸ್ಚರ್ ಫಿಲ್ಟರ್ ‘ನಿಯರೆಸ್ಟ್’ ಮಾಡದಿದ್ದರೆ ಸ್ಪ್ರೈಟ್‌ಗಳೆಲ್ಲ (ಆಟದ ಬಿಡಿ ಚಿತ್ರಗಳು) ಮಂಜು ಮಂಜು.

ಚಿತ್ರ ಬಿಡಿಸುವ ಟೂಲ್ ಬಗ್ಗೆ ಹೆಚ್ಚು ಚರ್ಚೆ ಬೇಡ. ಲಿಬ್ರೆಸ್ಪ್ರೈಟ್ ಸಾಕು, ಹಣ ಕೊಡುವಂತಿದ್ದರೆ ಅಸೆಪ್ರೈಟ್. ಇನ್‌ಸ್ಟಾಲ್ ಮಾಡಲು ಬಿಡದ ಲ್ಯಾಬ್ ಆದರೆ ಬ್ರೌಸರ್‌ನಲ್ಲೇ ಪಿಸ್ಕೆಲ್. ದೊಡ್ಡ ಹಿನ್ನೆಲೆ ಚಿತ್ರಕ್ಕೆ ಕ್ರಿತಾ. ಟೈಲ್ (ಜೋಡಿಸಿ ಹಾಸುವ ಚಿತ್ರದ ತುಂಡು) 16×16 ಪಿಕ್ಸೆಲ್ ಅಂತ ಒಮ್ಮೆ ಹೇಳಿದ ಮೇಲೆ ಎಲ್ಲರೂ 16×16ರಲ್ಲೇ ಬಿಡಿಸಬೇಕು, ಒಬ್ಬರ ಮರವನ್ನು ಮೂರು ಪಟ್ಟು ಹಿಗ್ಗಿಸಿ ಇನ್ನೊಬ್ಬರ ಮನೆ ಪಕ್ಕ ಇಟ್ಟರೆ ಕಣ್ಣಿಗೆ ಚುಚ್ಚುತ್ತದೆ. ಜೆಪೆಗ್‌ನಲ್ಲಿ ಉಳಿಸಬೇಡಿ, ಅದರಲ್ಲಿ ಪಾರದರ್ಶಕತೆ ಇಲ್ಲ, ಅಂಚುಗಳೂ ಕೊಳೆಯಾಗುತ್ತವೆ.

ಪದದಾಟವೇ ಮಾಡುವುದಾದರೆ ಟೂಲ್ ಸರಿ ಇದ್ದರೂ ಸಾಲದು. ‘ಸ್ತ್ರೀ’ ನಮಗೆ ಒಂದು ಅಕ್ಷರ. ಪೈಥಾನ್‌ಗೂ ಜಿಡಿಸ್ಕ್ರಿಪ್ಟ್‌ಗೂ ಆರು. ‘ಅಕ್ಷರ’ವನ್ನು ಕೋಡ್‌ಪಾಯಿಂಟ್ ಲೆಕ್ಕದಲ್ಲಿ ಕಲಸಿದರೆ ಹಲಂತ ಹಾರಿಹೋಗಿ ರ ಮೇಲೆ ಕೂರುತ್ತದೆ. ಯಾವುದು ಒಂದು ಅಕ್ಷರ ಎಂದು ಹೇಳುವ ಯೂನಿಕೋಡ್‌ನ ಗ್ರಾಫೀಮ್ ನಿಯಮ ಕೂಡ ಕನ್ನಡದ ‘ಕ್ಷ’ವನ್ನು ಕ್ ಮತ್ತು ಷ ಅಂತ ಎರಡಾಗಿ ಕತ್ತರಿಸುತ್ತದೆ, ಸಿದ್ಧ ಲೈಬ್ರರಿ ನಂಬಬೇಡಿ. ಹತ್ತು ಸಾಲಿನಲ್ಲಿ ನಾವೇ ಬರೆದುಕೊಂಡೆವು: ಬಂದದ್ದು ಸ್ವರಚಿಹ್ನೆ, ಅನುಸ್ವಾರ, ವಿಸರ್ಗ ಅಥವಾ ಹಲಂತ ಆಗಿದ್ದರೆ ಹಿಂದಿನ ತುಂಡಿಗೆ ಅಂಟಿಸು, ಹಿಂದಿನ ತುಂಡು ಹಲಂತದಲ್ಲಿ ಮುಗಿದಿದ್ದರೂ ಅಂಟಿಸು, ಇಲ್ಲದಿದ್ದರೆ ಹೊಸ ತುಂಡು. ‘ರಾಕ್ಷಸ’ ಹೀಗೆ ರಾ, ಕ್ಷ, ಸ ಆಗುತ್ತದೆ.

ಅದಕ್ಕೂ ಮೊದಲು ಎನ್‌ಎಫ್‌ಸಿ ನಾರ್ಮಲೈಸ್ ಮಾಡಿಕೊಳ್ಳಿ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಬರಹಗಳನ್ನು ಒಂದೇ ರೂಪಕ್ಕೆ ತನ್ನಿ. ‘ಕೋ’ದ ಓತ್ವವನ್ನು ಒಂದೇ ಕೋಡ್ ಆಗಿಯೂ ಬರೆಯಬಹುದು, ಮೂರು ಬಿಡಿ ಕೋಡ್‌ಗಳಾಗಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ, ಹೋಲಿಸುವಾಗ ಬೇರೆ. ಮಗು ಸರಿಯಾದ ಉತ್ತರ ಕೊಟ್ಟರೂ ಆಟ ತಪ್ಪು ಅನ್ನುತ್ತದೆ.

ಶಿಬಿರದ ಮೊದಲ ದಿನ, ಯಾರೂ ಒಂದು ಸ್ಪ್ರೈಟ್ ಬಿಡಿಸುವ ಮುಂಚೆ, ಲ್ಯಾಬ್‌ನ ಅತಿ ಹಳೆಯ ಯಂತ್ರದಲ್ಲಿ ‘ಸ್ತ್ರೀ, ಕ್ಷ, ಅರ್ಕ, ಕಿಟಕಿ, ಕೋಳಿ’ ಎಂಬ ಒಂದು ಸಾಲು ತೋರಿಸುವ ಪ್ರಾಜೆಕ್ಟ್ ಎಕ್ಸ್‌ಪೋರ್ಟ್ ಮಾಡುತ್ತೇವೆ. ಐದು ಪದವೂ ಸರಿಯಾಗಿ ಬಂದ ಮೇಲೆಯೇ ಮಕ್ಕಳಿಗೆ ಮೌಸ್ ಕೊಡುವುದು.